ಲಿವರ್‌ಪೂಲ್ ದೂರವಿಟ್ಟ ಪತ್ರಿಕೆ

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ, ಎಫ್‌ಎ ಕಪ್ ಫುಟ್‌ಬಾಲ್ ಸೆಮಿಫೈನಲ್ ವೇಳೆ ಉಂಟಾದ ನೂಕುನುಗ್ಗಲು 97 ಲಿವರ್‌ಪೂಲ್ ಅಭಿಮಾನಿಗಳನ್ನು ಬಲಿ ತೆಗೆದುಕೊಂಡಿತು. ನಾಲ್ಕೇ ದಿನಕ್ಕೆ ‘ದಿ ಸನ್’ ಪತ್ರಿಕೆ ‘ಸತ್ಯ’ ಎಂಬ ತಲೆಬರಹದಡಿ, ಅಭಿಮಾನಿಗಳೇ ಸತ್ತವರ ಜೇಬಿಗೆ ಕೈಹಾಕಿದರೆಂದು ಮುಖಪುಟದಲ್ಲಿ ಬರೆಯಿತು. ಸೂತಕದ ಮನೆಗಳ ಮೇಲೆ ಹೊರಿಸಿದ ಈ ಅಪವಾದ ಅಕ್ಷಮ್ಯವಾಗಿತ್ತು. ಲಿವರ್‌ಪೂಲ್ ಊರಿನವರು ಪತ್ರಿಕೆಯನ್ನು ಸುಟ್ಟರು. ಅನೇಕ ಅಂಗಡಿಗಳು ಮಾರಾಟವನ್ನೇ ನಿಲ್ಲಿಸಿದವು. ಅದೇ ಊರಿನ ಬದ್ಧ ಎದುರಾಳಿ ಕ್ಲಬ್ ಎವರ್ಟನ್‌ನ ಅಭಿಮಾನಿಗಳೂ ಕೈಜೋಡಿಸಿದರು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅಣ್ಣ ಕೆಂಪು ಲಿವರ್‌ಪೂಲ್ ತಂಡದವನಾದರೆ ತಮ್ಮ ನೀಲಿ ಎವರ್ಟನ್‌ನವನು. ಬೇರೆ ಊರುಗಳ ಕೆಲವು ಎದುರಾಳಿ ಅಭಿಮಾನಿಗಳು ಮಾತ್ರ ದುರಂತವನ್ನೇ ಅಣಕದ ಘೋಷಣೆಯಾಗಿಸಿದರು. ಆರೋಪಗಳಿಗೆ ಆಧಾರವಿಲ್ಲವೆಂದು ಸ್ವತಂತ್ರ ಸಮಿತಿ 2012ರಲ್ಲಿ ಸ್ಪಷ್ಟಪಡಿಸಿತು. ಪತ್ರಿಕೆ ಕ್ಷಮೆ ಕೇಳಿತು. 2016ರಲ್ಲಿ ಸಾವುಗಳ ವಿಚಾರಣೆಯ ಜ್ಯೂರಿಯೂ ದುರಂತಕ್ಕೆ ಅಭಿಮಾನಿಗಳು ಹೊಣೆಯಲ್ಲವೆಂದು ತೀರ್ಮಾನಿಸಿತು. 2017ರಲ್ಲಿ ಎರಡೂ ಕ್ಲಬ್‌ಗಳು ಆ ಪತ್ರಿಕೆಯ ವರದಿಗಾರರಿಗೆ ಪ್ರವೇಶ ನಿಷೇಧಿಸಿದವು.