ಚರ್ಮದ ಮೇಲಿನ ಸ್ಟ್ಯಾಫ್ ಬ್ಯಾಕ್ಟೀರಿಯಾ: ಮನೆಮಂದಿಗೆಲ್ಲ ತಿಳಿದಿರಲಿ



ಮಕ್ಕಳ ಮೈಮೇಲೆ ಏಳುವ ಕೀವುಗುರು, ಮೂಗಿನ ಕೆಳಗೆ ಹಳದಿ ಹಕ್ಕಳೆ ಕಟ್ಟುವ ಹುಣ್ಣು, ಹಬ್ಬದೂಟದ ನಂತರ ಒಮ್ಮೆಲೇ ಶುರುವಾಗುವ ವಾಂತಿ. ಈ ಮೂರಕ್ಕೂ ಅನೇಕ ಸಲ ಕಾರಣ ಒಂದೇ ಬ್ಯಾಕ್ಟೀರಿಯಾ. ಅದರ ಪೂರ್ಣ ಹೆಸರು ಸ್ಟ್ಯಾಫಿಲೋಕಾಕಸ್ ಆರಿಯಸ್. ನಮ್ಮಲ್ಲಿ ನೂರಕ್ಕೆ ಸುಮಾರು ಮೂವತ್ತು ಜನರ ಮೂಗಿನೊಳಗೆ ಅದು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ.

ಹೆಸರು ಬಂದ ಬಗೆ

1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ದ್ರಾಕ್ಷಿ ಗೊಂಚಲಿನಂಥ ದುಂಡು ಜೀವಿಗಳು ಕಂಡವು. ಗ್ರೀಕ್ ಭಾಷೆಯಲ್ಲಿ 'ಸ್ಟ್ಯಾಫಿಲೆ' ಎಂದರೆ ದ್ರಾಕ್ಷಿ ಗೊಂಚಲು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಅದರ ಹೊಂಬಣ್ಣ ನೋಡಿ 'ಆರಿಯಸ್' ಎಂದು ಸೇರಿಸಿದರು.

ರೋಗ ಬರುವುದು ಹೇಗೆ?

ಚರ್ಮ ಗಟ್ಟಿಯಾಗಿರುವವರೆಗೆ ಭಯವಿಲ್ಲ. ಗಾಯ, ತರಚು, ಕೆರೆತದಿಂದ ದಾರಿ ಸಿಕ್ಕರೆ ಒಳಗಿಳಿದು ಕೀವು ಕಟ್ಟಿಸುತ್ತದೆ. ರಕ್ತಕ್ಕೆ ಸೇರಿದರೆ ಮೂಳೆ, ಶ್ವಾಸಕೋಶ, ಹೃದಯದ ಕವಾಟಗಳಿಗೂ ನಂಜು ಹರಡಿ ಪ್ರಾಣಕ್ಕೆ ಎರವಾಗಬಹುದು. ಮಧುಮೇಹ ಇರುವವರು ಹೆಚ್ಚು ಎಚ್ಚರದಿಂದಿರಬೇಕು.

ಊಟದ ವಿಷಯ ಬೇರೆ. ಅಡುಗೆ ಮಾಡುವವರ ಕೈಯಿಂದ ಆಹಾರಕ್ಕೆ ಇಳಿದ ಬ್ಯಾಕ್ಟೀರಿಯಾ, ಅದು ಹೊರಗೇ ಇದ್ದಷ್ಟು ಹೊತ್ತು ಬೆಳೆದು ವಿಷ ಉತ್ಪತ್ತಿ ಮಾಡುತ್ತದೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಆದ್ದರಿಂದ ನಮ್ಮ ಪಾಟ್‌ಲಕ್ ಊಟಗಳಲ್ಲಿ ಪಾಯಸ, ಮೊಸರನ್ನ ಎರಡು ಗಂಟೆಗಿಂತ ಹೆಚ್ಚು ಹೊರಗಿರುವುದು ಬೇಡ. ಕೈಯಲ್ಲಿ ಕೀವಿನ ಗಾಯ ಇರುವವರು ಆ ದಿನ ಅಡುಗೆಯಿಂದ ದೂರವಿರಲಿ.

ಔಷಧಕ್ಕೆ ಬಗ್ಗದ ತಳಿ

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಇದೇ ಜಾತಿಯ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯ ಮೇಲೆ. ಆ ಔಷಧ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ಮುರಿದುಹಾಕುವ ತಳಿಗಳು ಹಬ್ಬಿದವು. 1959ರಲ್ಲಿ ಮೆಥಿಸಿಲಿನ್ ಬಂತು, 1961ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೂ ಬಗ್ಗದ ತಳಿ ವರದಿಯಾಯಿತು. ಇದೇ ಎಂಆರ್‌ಎಸ್‌ಎ. ಬಹುಕಾಲ ಅದನ್ನು ಆಸ್ಪತ್ರೆಯ ಕಾಯಿಲೆ ಎಂದೇ ಎಣಿಸಿದ್ದರು. ಆದರೆ 1999ರಲ್ಲಿ ಅಮೆರಿಕದ ಮಿನ್ನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಿಂದ, ಆರೋಗ್ಯವಾಗಿದ್ದ ನಾಲ್ಕು ಮಕ್ಕಳು ಇದರಿಂದ ತೀರಿಕೊಂಡ ವರದಿ ಬಂತು.

ಸೂಟ್‌ಕೇಸಿನ ಮಾತ್ರೆ

ಊರಿಗೆ ಹೋದಾಗ ಮೆಡಿಕಲ್ ಶಾಪಿನಿಂದ ಒಂದೆರಡು ಸ್ಟ್ರಿಪ್ ಆಂಟಿಬಯಾಟಿಕ್ ತಂದಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಇಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ, ಖರ್ಚೂ ಹೆಚ್ಚು ಎಂಬುದು ನಿಜ. ಆದರೆ ಸಾಮಾನ್ಯವಾಗಿ ತರುವ ಅಮಾಕ್ಸಿಸಿಲಿನ್ ಮಾತ್ರೆ ಒಂದೇ ಆದರೆ, ಸ್ಟ್ಯಾಫ್‌ನ ಬಹುಪಾಲು ತಳಿಗಳ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಮಾತ್ರೆ ನುಂಗಿ ವಾಸಿಯಾಗುತ್ತದೆಂದು ಕಾಯುವ ಎರಡು ದಿನಗಳಲ್ಲಿ ಸೋಂಕು ಒಳಗಿಳಿಯುತ್ತದೆ.

ನೆನಪಿಡಬೇಕಾದದ್ದು

- ಕುರುವನ್ನು ಹಿಂಡಬೇಡಿ, ಚುಚ್ಚಬೇಡಿ. ಕೀವು ತೆಗೆಯುವುದು ಡಾಕ್ಟರ ಕೆಲಸ.
- ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಬ್ಯಾಂಡೇಜ್ ಹಾಕಿ.
- ಟವೆಲ್, ರೇಜರ್ ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಆಟಕ್ಕೆ ಹೋಗುವ ಮಕ್ಕಳಿಗೆ ಇದನ್ನು ಹೇಳಿಕೊಡಿ.
- ಕೆಂಪು ಹರಡುತ್ತಿದ್ದರೆ, ಜ್ವರ, ಚಳಿ, ವಿಪರೀತ ನೋವು ಇದ್ದರೆ ತಡಮಾಡದೆ ಡಾಕ್ಟರನ್ನು ಕಾಣಿ. ಏದುಸಿರು ಅಥವಾ ಮಂಪರು ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ.
- ಡಾಕ್ಟರು ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ.

ಮುಂದಿನ ಸಲ ಊರಿಂದ ಬರುವಾಗ ಚಟ್ನಿಪುಡಿ, ಹುಳಿಪುಡಿ ಧಾರಾಳವಾಗಿ ಬರಲಿ. ಆಂಟಿಬಯಾಟಿಕ್ ಮಾತ್ರ ಬೇಡ ಎಂದು ನಮ್ಮ ವಿನಂತಿ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಚಿಕಿತ್ಸೆಗೆ ನಿಮ್ಮ ವೈದ್ಯರನ್ನೇ ಕೇಳಿ.)