ಮರೆಯಾದ ಗಣಕಯಂತ್ರ

ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಮಾತ್ರವಲ್ಲವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಿತ್ಯ ಬಳಕೆಯ ವಸ್ತುಗಳಿಗೂ ಇತಿಹಾಸವಿದೆ. ಕರೆದರೆ ಓಗೊಡುವ ಪುಟ್ಟ ಧ್ವನಿಪೆಟ್ಟಿಗೆ, ಮನುಷ್ಯರು ಬಂದೊಡನೆ ತಾನಾಗಿ ಹೊತ್ತಿಕೊಳ್ಳುವ ದೀಪ, ಹೆಜ್ಜೆ ಎಣಿಸುವ ಕೈಗಡಿಯಾರ, ಇವುಗಳ ಹಿಂದಿರುವ ವಿಚಾರಕ್ಕೆ ಮೂರು ದಶಕಗಳಿಗೂ ಮೀರಿದ ವಯಸ್ಸಾಗಿದೆ.

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದ ವಿಜ್ಞಾನಿ ಮಾರ್ಕ್ ವೈಸರ್, 1988ರ ಸುಮಾರಿಗೆ 'ಯುಬಿಕ್ವಿಟಸ್ ಕಂಪ್ಯೂಟಿಂಗ್' ಎಂಬ ಹೆಸರನ್ನು ಬಳಕೆಗೆ ತಂದರು. 'ಸರ್ವವ್ಯಾಪಿ ಗಣಕ' ಎಂದು ಅದನ್ನು ಕನ್ನಡಿಸಬಹುದು. 1991ರ ಸೆಪ್ಟೆಂಬರಿನ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಅವರು ಈ ಕಲ್ಪನೆಯನ್ನು ವಿವರಿಸಿದರು. ಗಣಕವು ಮೇಜಿನ ಮೇಲೆ ಕುಳಿತು ನಮ್ಮ ಗಮನವನ್ನೆಲ್ಲ ಸೆಳೆಯಬಾರದು. ಪರಿಸರದಲ್ಲಿ ಬೆರೆತು, ಕಾಣದಂತೆ ಸೇವೆ ಸಲ್ಲಿಸಬೇಕು. ಅದಕ್ಕೆ ಅವರು ಕೊಟ್ಟ ಹೋಲಿಕೆಗಳಲ್ಲಿ ವಿದ್ಯುತ್ ಮೋಟಾರೂ ಒಂದು. ಹಿಂದೆ ಕಾರ್ಖಾನೆಯಲ್ಲಿ ಒಂದೇ ದೊಡ್ಡ ಎಂಜಿನ್ನು ರಾಟೆ, ಬೆಲ್ಟುಗಳ ಮೂಲಕ ಎಲ್ಲ ಯಂತ್ರಗಳನ್ನೂ ತಿರುಗಿಸುತ್ತಿತ್ತು. ಮೋಟಾರು ಚಿಕ್ಕದೂ ಅಗ್ಗವೂ ಆದಾಗ ಪ್ರತಿ ಯಂತ್ರದೊಳಗೂ ಸೇರಿ ಮರೆಯಾಯಿತು. ಮಿಕ್ಸಿ ತಿರುಗಿಸುವಾಗ ಒಳಗಿನ ಮೋಟಾರನ್ನು ಯಾರು ನೆನೆಯುತ್ತಾರೆ?

ವೈಸರ್ ಅವರ ತಂಡ ಅಂಗೈಯಲ್ಲಿ ಹಿಡಿಯುವ 'ಟ್ಯಾಬ್', ಪುಸ್ತಕದಷ್ಟಿರುವ 'ಪ್ಯಾಡ್', ಕರಿಹಲಗೆಯಂಥ 'ಬೋರ್ಡ್' ಎಂಬ ಮೂರು ಅಳತೆಯ ಸಾಧನಗಳನ್ನು ನಿರ್ಮಿಸಿತು. ಮೊಬೈಲು, ಟ್ಯಾಬ್ಲೆಟ್ಟುಗಳನ್ನು ಬಲ್ಲ ನಮಗೆ ಇವು ಅಪರಿಚಿತವೆನಿಸವು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದಲ್ಲಿ 'ಆಕ್ಟಿವ್ ಬ್ಯಾಡ್ಜ್' ಸಿದ್ಧವಾಯಿತು. ಅಂಗಿಗೆ ಸಿಕ್ಕಿಸಿಕೊಂಡ ಈ ಬಿಲ್ಲೆ ಸುಮಾರು 15 ಸೆಕೆಂಡಿಗೊಮ್ಮೆ ಅವಗೆಂಪು ಕಿರಣದ ಸಂಕೇತ ಕಳಿಸುತ್ತಿತ್ತು. ಅದನ್ನು ಗ್ರಹಿಸುವ ಸಂವೇದಕಗಳಿಂದ ಧರಿಸಿದವರು ಯಾವ ಕೋಣೆಯಲ್ಲಿದ್ದಾರೆಂದು ತಿಳಿದು, ಅವರಿಗೆ ಬಂದ ಫೋನ್ ಕರೆಯನ್ನು ಅಲ್ಲಿಗೇ ತಿರುಗಿಸಬಹುದಿತ್ತು. ಅನುಕೂಲವೇನೋ ದೊಡ್ಡದೇ. ಆದರೆ ಯಾರು, ಯಾರೊಡನೆ, ಎಷ್ಟು ಹೊತ್ತು ಇದ್ದರೆಂಬುದೂ ದಾಖಲಾಗಬಹುದಲ್ಲವೇ? ಈ ಅಪಾಯವನ್ನು ವೈಸರ್ ಅದೇ ಲೇಖನದಲ್ಲಿ ಎತ್ತಿ ಹೇಳಿದ್ದರು. 1999ರಲ್ಲಿ, ಕೇವಲ 46ರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಆ ಬಿಲ್ಲೆಯನ್ನಾದರೂ ಕಳಚಿ ಮೇಜಿನ ಖಾನೆಯಲ್ಲಿಡಬಹುದಿತ್ತು. ಗೋಡೆಯಲ್ಲಿ ಅಡಗಿದ ಕಣ್ಣನ್ನು ಕಳಚಿಡುವುದೆಂತು?

ಈ ಪ್ರಶ್ನೆಗೆ ನಮ್ಮ ನೆಲದ ನಂಟೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ದೂರದೂರಿನಲ್ಲಿರುವ ನನ್ನ ಮಗಳು, ನಾವಿಬ್ಬರೇ ಇರುವ ಈ ಮನೆಗೆ, ಯಾರಾದರೂ ಬಿದ್ದರೆ ತನಗೆ ಸುದ್ದಿ ಮುಟ್ಟಿಸುವ ಸಾಧನ ಹಾಕಿಸುವೆನೆನ್ನುತ್ತಾಳೆ. ಅವಳ ಕಾಳಜಿ ನಿಜವಾದುದು. ನಮ್ಮ ವಯಸ್ಸೂ ನಿಜ. ನಾನು ಒಪ್ಪಿದ್ದೇನೆ. ಆದರೆ ಆ ಸುದ್ದಿ ಅವಳನ್ನು ಬಿಟ್ಟು ಇನ್ನಾರಿಗೆ ತಲುಪುತ್ತದೆ, ಬೇಡವೆನಿಸಿದಾಗ ನಾನೇ ನಿಲ್ಲಿಸಬಲ್ಲೆನೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೇಳಿದ್ದೇನೆ.

ನಿಮ್ಮಲ್ಲಿ ಹಲವರು ಇಂಥ ಯಂತ್ರಗಳನ್ನು ರೂಪಿಸುವ ಉದ್ಯೋಗದಲ್ಲಿದ್ದೀರಿ. ಯಂತ್ರ ಮರೆಯಾಗಲಿ, ಸಂತೋಷ. ಅದನ್ನು ಆರಿಸುವ ಗುಂಡಿ ಮಾತ್ರ ನಮ್ಮಂಥ ಮುದುಕರ ಕಣ್ಣಿಗೂ ಕಾಣುವಂತಿರಲಿ ಎಂಬುದು ನಿಮ್ಮ ಮೇಷ್ಟ್ರ ಕೋರಿಕೆ.