ಟ್ಯಾಪ್ ನೃತ್ಯ
ಬೂಟಿನ ತುದಿಗೂ ಹಿಮ್ಮಡಿಗೂ ಲೋಹದ ತಗಡು ಬಿಗಿದು, ನೆಲವನ್ನೇ ತಾಳವಾದ್ಯವಾಗಿಸುವ ಅಮೆರಿಕದ ನೃತ್ಯ. ಆಫ್ರಿಕನ್ ಮೂಲದ ಗುಲಾಮರ ಲಯಗಾರಿಕೆ ಮತ್ತು ಐರಿಷ್, ಇಂಗ್ಲಿಷ್ ವಲಸಿಗರ ಹೆಜ್ಜೆಕುಣಿತ ಬೆರೆತು ಬೆಳೆಯಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಹೂಫರ್ಸ್ ಕ್ಲಬ್ ಇದರ ನಿಜವಾದ ಪಾಠಶಾಲೆ. ಅಲ್ಲಿ ಹಿರಿಯರ ಹೆಜ್ಜೆ ನೋಡಿ ಕಲಿಯಬಹುದಿತ್ತು, ಯಥಾವತ್ತಾಗಿ ನಕಲು ಮಾಡುವಂತಿರಲಿಲ್ಲ.

ಹೊಸಬರಿಗೆ ಮೊದಲ ಪಾಠ ಶಫಲ್. ಮಂಡಿ, ಕಣಕಾಲು ಸಡಿಲಬಿಟ್ಟು ಪಾದದ ಮುಂಭಾಗವನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ನೆಲಕ್ಕೆ ಸವರಿದರೆ ಎರಡು ಸ್ಪಷ್ಟ ಸದ್ದು ಬರಬೇಕು. ಕಾಲು ಬಿಗಿಹಿಡಿದರೆ ಎರಡೂ ಕಲಸಿಹೋಗುತ್ತವೆ. ಬಳಿಕ 1920ರ ದಶಕದ ಶಿಮ್ ಶ್ಯಾಮ್ ಎಂಬ ಸಿದ್ಧ ಹೆಜ್ಜೆಸರಣಿ. ಇದನ್ನು ಕಲಿತವರು ಅಪರಿಚಿತ ಊರಿನ ಟ್ಯಾಪ್ ಕೂಟದಲ್ಲೂ ಕೊನೆಗೆ ಎಲ್ಲರೊಡನೆ ಸಾಲಿಗೆ ಸೇರಬಹುದು. ಈ ಕಲೆಯ ದೊಡ್ಡ ಔದಾರ್ಯವೇ ಅದು. ಹೆಸರಾಂತ ಟ್ಯಾಪ್ ನರ್ತಕ ಬಿಲ್ ರಾಬಿನ್ಸನ್ ಹುಟ್ಟಿದ ಮೇ 25ನ್ನು ಅಮೆರಿಕ 1989ರಲ್ಲಿ ರಾಷ್ಟ್ರೀಯ ಟ್ಯಾಪ್ ನೃತ್ಯ ದಿನವೆಂದು ಘೋಷಿಸಿತು.